ಮದ್ದಿಲ್ಲದ ರೋಗಕ್ಕೆ ಕಾಲ್ನಡಿಗೆಯೇ ಮದ್ದು

2017ರ ಆರಂಭದ ಮಾತು. ಸಮಾಜಕಾರ್ಯದಲ್ಲಿ ಪದವಿ ಪಡೆದ ಯುವಕನೊಬ್ಬ ತಾಯಿಯೊಡನೆ ನನ್ನ ದವಾಖಾನೆಗೆ ಬಂದಿದ್ದ. ಅವನಿಗೆ ದಕ್ಷಿಣ ಸುಡಾನಿನಲ್ಲಿ ಸೇವಾಸಂಸ್ಥೆಯೊಂದರ ಕೆಲಸ ಸಿಕ್ಕಿತ್ತು. ಹೊರಡುವ ಮುನ್ನ ಯಾವ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು ಎಂಬುದು ಅವನ ಪ್ರಶ್ನೆ. ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಬೇಕು, ಅದರ ಪ್ರಮಾಣಪತ್ರವಿಲ್ಲದೆ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಬೇರೆಯಾಗಿ ಇರಿಸುತ್ತಾರೆ ಎಂದು ತಿಳಿಸಿದೆ. ಮಲೇರಿಯಾ ತಡೆಯುವ ಮಾತ್ರೆ ಬರೆದುಕೊಟ್ಟೆ. ಅಷ್ಟರಲ್ಲಿ ತಾಯಿ ಕೇಳಿದರು: “ಅಲ್ಲಿ ಹೋಗಿ ಇವ ಏನ್ ಮಾಡ್ತಾನ್ರೀ? ಇವಗ ಸೂಜಿ ಚುಚ್ಚಾಕೂ ಬರಂಗಿಲ್ಲ.”

“ನಾರುಹುಣ್ಣು ಹುಡುಕೋ ಕೆಲಸ, ಅವ್ವಾ” ಎಂದ ಮಗ.

ತಾಯಿ ಒಂದು ಕ್ಷಣ ಸುಮ್ಮನಾದರು. “ನಮ್ಮಪ್ಪಗ ಆಗಿತ್ತರೀ ಅದು. ಬಿತ್ತಿಗಿ ಹೊತ್ತಿನ್ಯಾಗ ಎರಡು ತಿಂಗಳು ಹಾಸಿಗಿ ಹಿಡಿದಿದ್ದ. ಆ ವರ್ಷ ಹೊಲ ಬೀಳು ಬಿತ್ತು” ಎಂದರು.

ಇಂದಿನ ಓದುಗರಲ್ಲಿ ಅನೇಕರು ಈ ರೋಗದ ಹೆಸರನ್ನೇ ಕೇಳಿರಲಿಕ್ಕಿಲ್ಲ. ಕೆರೆ, ಹೊಂಡ, ಮೆಟ್ಟಿಲು ಬಾವಿಗಳ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜೀವಿ ಇರುತ್ತದೆ. ಗಿನಿ ಹುಳುವಿನ ಮರಿ ಇದರ ಹೊಟ್ಟೆಯಲ್ಲಿ ಬೆಳೆಯುತ್ತದೆ. ಆ ನೀರನ್ನು ಸೋಸದೆ ಕುಡಿದವರ ದೇಹ ಸೇರುತ್ತದೆ. ಸುಮಾರು ಒಂದು ವರ್ಷ ಯಾವ ಸುಳಿವೂ ಇರುವುದಿಲ್ಲ. ಆಮೇಲೆ ಸಾಮಾನ್ಯವಾಗಿ ಕಾಲಿನಲ್ಲಿ ಉರಿಯುವ ಗುಳ್ಳೆ ಎದ್ದು ಒಡೆಯುತ್ತದೆ. ಅದರಿಂದ ದಾರದಂಥ, ಎರಡು-ಮೂರು ಅಡಿ ಉದ್ದದ ಹುಳು ಹೊರಬರತೊಡಗುತ್ತದೆ. ಉರಿ ತಾಳಲಾರದೆ ರೋಗಿ ಕಾಲನ್ನು ನೀರಿನಲ್ಲಿ ಅದ್ದುತ್ತಾನೆ. ಹುಳುವಿಗೆ ಬೇಕಾದದ್ದೂ ಅದೇ. ಆ ಕ್ಷಣದಲ್ಲಿ ಅದು ಲಕ್ಷಾಂತರ ಮರಿಗಳನ್ನು ನೀರಿಗೆ ಬಿಡುತ್ತದೆ. ಮುಂದಿನ ವರ್ಷದ ರೋಗಿಗಳು ಆ ಹೊಂಡದಿಂದಲೇ ಹುಟ್ಟುತ್ತಾರೆ.

ಈ ರೋಗಕ್ಕೆ ಲಸಿಕೆಯಿಲ್ಲ, ಹುಳುವನ್ನು ಕೊಲ್ಲುವ ಔಷಧವೂ ಇಲ್ಲ. ಹೊರಬಂದ ತುದಿಯನ್ನು ಸಣ್ಣ ಕಡ್ಡಿಗೋ ಬಟ್ಟೆಗೋ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯಬೇಕು. ಇದು ವಾರಗಟ್ಟಲೆ ಹಿಡಿಯುವ ಚಿಕಿತ್ಸೆ. ಅವಸರ ಮಾಡಿದರೆ ಹುಳು ಒಳಗೇ ತುಂಡಾಗಿ ಕೀವು ತುಂಬುತ್ತದೆ. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲವೆಂಬ ಭರವಸೆಯೂ ಇಲ್ಲ.

ಎರಡು ವರ್ಷದ ನಂತರ ರಜೆಗೆ ಬಂದಾಗ ಯುವಕ ನನ್ನನ್ನು ನೋಡಲು ಬಂದ. ಸೊರಗಿದ್ದ. ಮಾತ್ರೆ ತಪ್ಪಿಸಿದ ದಿನಗಳ ಫಲವಾಗಿ ಎರಡು ಸಲ ಮಲೇರಿಯಾ ಆಗಿತ್ತು. ಅವನ ದಿನಚರಿ ಕೇಳಿದೆ.

ದನಗಳು ಮೇವಿಗೆ ಹೊರಡುವ ಮೊದಲೇ, ಬೆಳಕು ಹರಿಯುವ ಮುನ್ನ, ಏಳಬೇಕು. ಆಮೇಲೆ ಹೋದರೆ ದನಗಾಹಿಗಳು ಸಿಗುವುದಿಲ್ಲ. ಮಳೆಗಾಲದಲ್ಲಿ ರಸ್ತೆಗಳು ಕೆಸರಾಗಿ ಮೋಟಾರು ಸೈಕಲ್ ಸಾಗದು, ನಡೆದೇ ಹೋಗಬೇಕು. ಪ್ರತಿ ಗುಡಿಸಲಿನ ಮುಂದೆ ನಿಂತು ಯಾರಿಗಾದರೂ ಗುಳ್ಳೆ ಎದ್ದಿದೆಯೇ ಎಂದು ಕೇಳಬೇಕು, ಕಾಲು ನೋಡಬೇಕು. ನೀರು ಸೋಸುವ ಬಟ್ಟೆಯನ್ನು ಬೆಳಕಿಗೆ ಹಿಡಿದು ತೂತು ಬಿದ್ದಿದೆಯೇ ಎಂದು ಪರೀಕ್ಷಿಸಬೇಕು. ದನದ ಹಿಂದೆ ಅಲೆಯುವವರಿಗೆ ಕೊರಳಿಗೆ ಕಟ್ಟಿಕೊಳ್ಳುವ ಸೋಸು ಕೊಳವೆ ಕೊಡಬೇಕು. ಹೊಂಡದ ನೀರಿನ ಪ್ರಮಾಣ ಅಳೆದು, ಸೈಕ್ಲಾಪ್ಸ್ ಸಾಯುವಷ್ಟು, ಕುಡಿಯುವವರಿಗೆ ತೊಂದರೆಯಾಗದಷ್ಟು ಟೆಮೆಫಾಸ್ ಔಷಧ ಹಾಕಬೇಕು. ದೂರದ ಹಳ್ಳಿಯಿಂದ ‘ಹುಳು ಬಂದಿದೆಯಂತೆ’ ಎಂಬ ಸುದ್ದಿ ಬಂದರೆ ತಡಮಾಡದೆ ಹೊರಡಬೇಕು. ಹೋಗಿ ನೋಡಿದರೆ ಬಹುತೇಕ ಸಲ ಅದು ಮುಳ್ಳು ಚುಚ್ಚಿದ ಗಾಯ, ಇಲ್ಲವೇ ಸಾಧಾರಣ ಕುರು. ಅದನ್ನೂ ಪುಸ್ತಕದಲ್ಲಿ ಬರೆಯಬೇಕು. ರಾತ್ರಿ ಸೊಳ್ಳೆಪರದೆಯೊಳಗೆ ಟಾರ್ಚ್ ಬೆಳಕಿನಲ್ಲಿ ವರದಿ. ಊಟಕ್ಕೆ ಹುದುಗು ಬರಿಸಿದ ಜೋಳದ ಹಿಟ್ಟಿನ ಕಿಸ್ರಾ ಎಂಬ ತೆಳುವಾದ ರೊಟ್ಟಿ. ಉತ್ತರ ಕರ್ನಾಟಕದ ಹುಡುಗನಿಗೆ ಜೋಳ ಹೊಸದಲ್ಲ, ಹುಳಿ ಮಾತ್ರ ಹೊಸದು!

“ಎಲ್ಲಕ್ಕಿಂತ ಕಷ್ಟದ್ದು ಯಾವುದು?” ಎಂದು ಕೇಳಿದೆ. ‘ನೀರಿಗೆ ಇಳಿಯಬೇಡ’ ಎಂದು ಹೇಳುವುದು ಎಂದ. ಹೆಂಗಸೊಬ್ಬಳ ಕಾಲಿನಲ್ಲಿ ಹುಳುವಿದೆಯೆಂದು ಅನುಮಾನ ಬಂದರೆ ಅವಳನ್ನು ಹೊಂಡದಿಂದ ದೂರವಿಡಬೇಕು. ಆದರೆ ಅವಳ ಮನೆಗೆ ನೀರು ತರುವವರು ಯಾರು? ಆ ಕೊಡವನ್ನು ಹೊರುವವರನ್ನು ಮೊದಲು ಗೊತ್ತುಮಾಡಿ, ಆಮೇಲೆ ಬುದ್ಧಿವಾದ ಹೇಳಬೇಕು. ಆರೋಗ್ಯ ಶಿಕ್ಷಣದ ಬಗ್ಗೆ ನಾನು ಓದಿದ ಅನೇಕ ಪುಸ್ತಕಗಳಲ್ಲಿ ಈ ಮಾತು ಇರಲಿಲ್ಲ.

ಎರಡು ವರ್ಷದಲ್ಲಿ ಅವನ ಪಾಲಿನ ಹಳ್ಳಿಗಳಲ್ಲಿ ಒಂದೇ ಒಂದು ಹುಳುವೂ ಸಿಕ್ಕಿರಲಿಲ್ಲ. “ಸುಮ್ಮನೆ ಅಲೆದೆನೇನೋ ಅನ್ನಿಸುತ್ತದೆ ಸಾರ್” ಎಂದ. ಈ ಮಾತಿಗೆ ಉತ್ತರವಾಗಿಯೇ ಈ ಲೇಖನ.

1986ರಲ್ಲಿ ಆಫ್ರಿಕಾ ಮತ್ತು ಏಷ್ಯಾಗಳಲ್ಲಿ ವರ್ಷಕ್ಕೆ ಅಂದಾಜು 35 ಲಕ್ಷ ಮಂದಿಗೆ ಈ ರೋಗ ತಗಲುತ್ತಿತ್ತು. ಆ ವರ್ಷ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಸಂಸ್ಥೆ ನಿರ್ಮೂಲನದ ಮುಂದಾಳತ್ವ ವಹಿಸಿತು. 1995ರಲ್ಲಿ ಸುಡಾನಿನ ಅಂತರ್ಯುದ್ಧದ ನಡುವೆ, ಆರೋಗ್ಯ ಕಾರ್ಯಕರ್ತರು ಹಳ್ಳಿಗಳನ್ನು ತಲಪಲೆಂದು ಕಾರ್ಟರ್ ಕದನವಿರಾಮ ಮಾಡಿಸಿದರು. ಅದು ಸುಮಾರು ಆರು ತಿಂಗಳು ನಡೆಯಿತು. ಇಂದು ದಕ್ಷಿಣ ಸುಡಾನ್ ಆಗಿರುವ ಪ್ರದೇಶದಲ್ಲಿ 2006ರಲ್ಲಿ 20 ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. 2017ರಲ್ಲಿ ಒಬ್ಬರೂ ಇರಲಿಲ್ಲ. ರೋಗ ಹೋಯಿತು ಎನ್ನುವಷ್ಟರಲ್ಲಿ 2018ರಲ್ಲಿ 10 ಮಂದಿ ಪತ್ತೆಯಾದರು. 2024ರಲ್ಲಿ ಇಡೀ ಜಗತ್ತಿನಲ್ಲಿ ವರದಿಯಾದವರು 15 ಮಂದಿ. ಅವರಲ್ಲಿ 9 ಮಂದಿ ಚಾಡ್ ದೇಶದವರು, 6 ಮಂದಿ ದಕ್ಷಿಣ ಸುಡಾನಿನವರು. ಚಾಡ್‌ನಲ್ಲಿ ನಾಯಿಗಳಿಗೂ ಈ ಹುಳು ತಗಲುತ್ತಿರುವುದರಿಂದ ಕೆಲಸ ಇನ್ನಷ್ಟು ತೊಡಕಾಗಿದೆ.

15 ರೋಗಿಗಳಿಗಾಗಿ ಇಷ್ಟು ಜನ, ಇಷ್ಟು ಹಣ ಏಕೆ, ಮಲೇರಿಯಾದಿಂದ ಅದಕ್ಕಿಂತ ಎಷ್ಟೋ ಪಾಲು ಮಕ್ಕಳು ಸಾಯುತ್ತಿಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ ಲೆಕ್ಕದಲ್ಲಿ ಒಂದು ದೋಷವಿದೆ. ನೋಡದೆ ಬಿಟ್ಟ ಒಂದು ಕಾಲು ನೀರಿಗಿಳಿದರೆ, ತಪ್ಪು ಗೊತ್ತಾಗುವುದು ಒಂದು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಆ ಹೊಂಡದ ನೀರನ್ನು ಇಡೀ ಊರು ಕುಡಿದಿರುತ್ತದೆ. ಕೊನೆಯ ಹತ್ತು ರೋಗಿಗಳನ್ನು ಹುಡುಕುವ ಖರ್ಚನ್ನು ಉಳಿಸಹೊರಟರೆ ಹಿಂದಿನ ಮೂವತ್ತೆಂಟು ವರ್ಷಗಳ ದುಡಿಮೆಯೇ ನೀರುಪಾಲಾಗಬಹುದು.

ನಮ್ಮ ದೇಶಕ್ಕೆ ಇದು ಅನುಭವದ ಮಾತು. 1984ರಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಸುಮಾರು 40 ಸಾವಿರ ನಾರುಹುಣ್ಣಿನ ರೋಗಿಗಳಿದ್ದರು. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಲಾಯಿತು, ಕೈಪಂಪುಗಳು ಬಂದವು, ಆರೋಗ್ಯ ಕಾರ್ಯಕರ್ತರು ಮನೆಮನೆ ಸುತ್ತಿದರು. ಕೊನೆಯ ರೋಗಿ ಕಂಡುಬಂದದ್ದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. ಆದರೆ ಭಾರತ ಮುಕ್ತವಾಗಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 2000ದಲ್ಲಿ. ನಡುವಿನ ಮೂರು ವರ್ಷಕ್ಕೂ ಹೆಚ್ಚು ಕಾಲ ನಮ್ಮವರು ಏನೂ ಸಿಗದೆಯೂ ಹುಡುಕುತ್ತಲೇ ಇದ್ದರು. ಅವರು ‘ಸಾಕು’ ಎಂದು ಕೂತಿದ್ದರೆ ಆ ಪ್ರಮಾಣಪತ್ರಕ್ಕೆ ಬೆಲೆಯೇ ಇರುತ್ತಿರಲಿಲ್ಲ.

ಆದ್ದರಿಂದ ನೆರವಿನ ಕೆಲಸವನ್ನು ಹಂಚಿದ ಪೊಟ್ಟಣಗಳ ಲೆಕ್ಕದಿಂದ ಅಳೆಯುವುದನ್ನು ಬಿಡಬೇಕೆಂದು ನನ್ನ ಅಭಿಪ್ರಾಯ. 2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವಿನ ಸಂಸ್ಥೆಯಾದ ಯುಎಸ್‌ಏಡ್ ಅನ್ನು ಮುಚ್ಚಿದಾಗ ಆಫ್ರಿಕಾದ ಅನೇಕ ಕಡೆ ಹಳ್ಳಿ ಸುತ್ತುವ ಕಾರ್ಯಕರ್ತರು ಕೆಲಸ ಕಳೆದುಕೊಂಡರು. ಕಟ್ಟಡ, ಯಂತ್ರಗಳಂತೆ ಅವರ ದುಡಿಮೆ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಕಡಿತದ ಕತ್ತರಿ ಅವರ ಮೇಲೆ ಸುಲಭವಾಗಿ ಬೀಳುತ್ತದೆ. ಹೊರದೇಶದಿಂದ ಹೋದವರು ಎರಡು-ಮೂರು ವರ್ಷದಲ್ಲಿ ಮರಳುತ್ತಾರೆ. ಉಳಿಯುವವರು ಆ ಊರಿನ ಸ್ವಯಂಸೇವಕರೇ, ಗುಂಡಿಗೆ ಬಲಿಯಾಗುವವರಲ್ಲಿ ಬಹುಪಾಲು ಕೂಡ ಸ್ಥಳೀಯ ಕಾರ್ಯಕರ್ತರೇ. ಮೊದಲು ಉಳಿಸಬೇಕಾದದ್ದು ಅವರ ಸಂಬಳವನ್ನು.

ಇಂಥ ಕೆಲಸಕ್ಕೆ ಹೊರಡುವ ನಮ್ಮ ಯುವಜನರಿಗೆ ವೈದ್ಯನಾಗಿ ಎರಡು ಮಾತು. ಅಲ್ಲಿರುವಷ್ಟು ದಿನವೂ, ಮರಳಿದ ಮೇಲೆ ವೈದ್ಯರು ಹೇಳಿದಷ್ಟು ದಿನವೂ ಮಲೇರಿಯಾ ಮಾತ್ರೆ ತಪ್ಪಿಸಬೇಡಿ. ಊರಿಗೆ ಬಂದು ಮೂರು ತಿಂಗಳೊಳಗೆ ಜ್ವರ ಬಂದರೆ ‘ನಾನು ಆಫ್ರಿಕಾದಲ್ಲಿದ್ದೆ’ ಎಂದು ವೈದ್ಯರಿಗೆ ಮೊದಲೇ ತಿಳಿಸಿ, ಅಂದೇ ರಕ್ತಪರೀಕ್ಷೆ ಮಾಡಿಸಿ. ಆಮೇಲೂ ಜ್ವರ ಬಂದರೆ ಹೇಳಲು ಮರೆಯಬೇಡಿ.

ಅಂದು ಯುವಕನ ಜೊತೆ ತಾಯಿಯೂ ಬಂದಿದ್ದರು. ಮಗನ ಮಾತು ಕೇಳಿ, “ಒಂದೂ ಸಿಗಲಿಲ್ಲೇನಪಾ?” ಎಂದರು. “ಇಲ್ಲವ್ವಾ.” “ಚಲೋ ಆತು ಬಿಡು. ಅವರು ಬಿತ್ತಿಗಿ ಮಾಡಿರ್ತಾರ” ಎಂದರು. ನಾನು ಹೇಳಬೇಕೆಂದಿದ್ದ ಉತ್ತರವೂ ಅದೇ ಆಗಿತ್ತು.