ಕಡತ ಯಾರ ಕೈಯಲ್ಲಿದೆ?

ನಮ್ಮ ವೆಬ್‌ಸೈಟ್ ಹನ್ನೊಂದು ದಿನ ಸತ್ತು ಬಿದ್ದಿತ್ತು. ಮರಳವಾಡಿ ಸುತ್ತಿನ ಕೇರಿಗಳಲ್ಲಿ ಕೂತು ಬರೆದುಕೊಂಡ ಹಿರಿಯರ ಮಾತು, ಹಾಡು, ಮಂಜೂರಾದ ಜಮೀನಿನ ಸಾಗುವಳಿ ಚೀಟಿಗಳ ನಕಲು, ಎಲ್ಲ ಅದರಲ್ಲಿತ್ತು. ಇನ್ನೆಲ್ಲೂ ಒಂದು ಪ್ರತಿ ಇರಲಿಲ್ಲ.

ಜಾಗ ಬಾಡಿಗೆಗೆ ಕೊಟ್ಟಿದ್ದ ಕಂಪನಿಯ ಸರ್ವರ್ ಕೆಟ್ಟಿತ್ತು. ಫೋನ್ ಮಾಡಿದರೆ, ಖಾತೆಗೆ ಲಾಗಿನ್ ಆಗಿ ದೂರು ಕೊಡಿ ಅಂದರು. ಪಾಸ್‌ವರ್ಡ್ ಇದ್ದದ್ದು ಒಬ್ಬ ಹುಡುಗನ ಹತ್ತಿರ. ಅವನು ಕೆಲಸ ಸಿಕ್ಕಿ ಊರು ಬಿಟ್ಟಿದ್ದ, ನಂಬರೂ ಬದಲಾಗಿತ್ತು. ಅದೇ ಹೊತ್ತಿಗೆ ಒಬ್ಬ ಮುದುಕ ಬಂದ. "ನನ್ ಚೀಟಿ ನಿಮ್ತಾವ ಐತಲ್ಲ ಮಗಾ, ಒಂದ್ ನಕಲು ತೆಗ್ದುಕೊಡು. ನಾಳಿದ್ದು ಎ.ಸಿ. ಕೋರ್ಟಲ್ಲಿ ಕೇಸೈತೆ." ಅವನ ಮನೆಯ ಅಸಲನ್ನು ಗೆದ್ದಲು ತಿಂದಿತ್ತು. ನಾವು ತಲೆ ತಗ್ಗಿಸಿದೆವು.

'ಕ್ಲೌಡ್‌ನಲ್ಲಿ ಇರುತ್ತೆ ಬಿಡಿ' ಅನ್ನುವ ಗೆಳೆಯರೇ, ಕ್ಲೌಡ್ ಅಂದರೆ ಮೋಡವಲ್ಲ, ಇನ್ನೊಬ್ಬರ ಯಂತ್ರ. ಅದಕ್ಕೂ ಬೆಂಕಿ ಬೀಳುತ್ತದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಹೆಚ್ ಕಂಪನಿಯ ಸರ್ವರ್ ಕಟ್ಟಡ ಸುಟ್ಟು ಲಕ್ಷಾಂತರ ವೆಬ್‌ಸೈಟ್‌ಗಳು ನಿಂತವು. ನಕಲನ್ನೂ ಅಲ್ಲೇ ಇಟ್ಟಿದ್ದವರು ಎರಡನ್ನೂ ಕಳೆದುಕೊಂಡರು. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು 858 ಟೆರಾಬೈಟ್ ಕಡತ ಹೋಯಿತು, ಬೇರೆಡೆ ನಕಲಿರಲಿಲ್ಲ. ಸರ್ಕಾರದ ಪಾಡೇ ಇದಾದರೆ ಕೇರಿಯ ಪಾಡೇನು?

ಆದರೆ ಬೆಂಕಿಯನ್ನು, ಕಂಪನಿಯನ್ನು ಬೈದು ನಾವು ತಪ್ಪಿಸಿಕೊಳ್ಳುವುದು ಬೇಡ. ಒಂದು ಕಾಲದಲ್ಲಿ ಊರ ಜಮೀನಿನ ಲೆಕ್ಕವೆಲ್ಲ ಶಾನುಭೋಗರ ಕಡತದಲ್ಲಿತ್ತು. ನಮ್ಮಪ್ಪಂದಿರು ಜಗಲಿಯ ಕೆಳಗೆ ಕೈಕಟ್ಟಿ ನಿಂತಿದ್ದರು. 1961ರ ಕಾಯ್ದೆ ಆ ವಂಶಪಾರಂಪರ್ಯದ ಹುದ್ದೆಯನ್ನು ಕಿತ್ತುಹಾಕಿತು. 1978ರ ಪಿ.ಟಿ.ಸಿ.ಎಲ್. ಕಾಯ್ದೆ, ಕೈಬಿಟ್ಟ ಮಂಜೂರಿ ಜಮೀನನ್ನು ವಾಪಸ್ ಕೇಳುವ ದಾರಿ ತೆರೆಯಿತು. ಅರ್ಜಿಗೆ ಕಾಲಮಿತಿಯಿಲ್ಲ ಎಂದು 2023ರ ತಿದ್ದುಪಡಿ ಹೇಳಿತು. ಹಕ್ಕಿಗೆ ಕಾಲಮಿತಿಯಿಲ್ಲ, ಸರಿ. ಕಾಗದಕ್ಕಿದೆ!

ಇಷ್ಟೆಲ್ಲ ಹೋರಾಡಿ ಬಂದ ನಾವೇ ಈಗ ಪಾಸ್‌ವರ್ಡ್ ಅನ್ನೋ ಹೊಸ ಶಾನುಭೋಗಿಕೆ ಹುಟ್ಟುಹಾಕಿದ್ದೇವೆ. 'ಕಂಪ್ಯೂಟರ್ ಬಲ್ಲವನು ನೋಡ್ಕೊಳ್ತಾನೆ' ಅನ್ನೋದು 'ಅಕ್ಷರ ಬಲ್ಲವನು ನೋಡ್ಕೊಳ್ತಾನೆ' ಅನ್ನೋದರ ಮೊಮ್ಮಗು.

ನಮ್ಮವ್ವಂದಿರು ಬಿತ್ತನೆ ರಾಗಿಯನ್ನು ಒಂದೇ ಮಡಕೆಗೆ ನಂಬಿಸಲಿಲ್ಲ. ನಾವೂ ಹಾಗೇ ಮಾಡೋಣ. ವೆಬ್‌ಸೈಟಿನ ಹೆಸರನ್ನು ಒಂದು ಕಡೆ, ಜಾಗವನ್ನು ಇನ್ನೊಂದು ಕಡೆ ಕೊಳ್ಳೋಣ. ಹೆಸರು ಸಂಘಟನೆಯದಾಗಿರಲಿ, ಯಾವ ಒಬ್ಬನದೂ ಬೇಡ. ಹೆಸರು ಕೈಯಲ್ಲಿದ್ದು ನಕಲು ಸಿದ್ಧವಿದ್ದರೆ, ಒಂದು ಸರ್ವರ್ ಸತ್ತಾಗ ಹೆಸರನ್ನು ಇನ್ನೊಂದು ಸರ್ವರ್‌ನ ವಿಳಾಸಕ್ಕೆ ತಿರುಗಿಸಬಹುದು. ಒಂದೆರಡು ದಿನದಲ್ಲಿ ಓದುಗರಿಗೆ ಮತ್ತೆ ಸಿಗುತ್ತದೆ. ವಾರಕ್ಕೊಮ್ಮೆ ಪುಟ, ಚಿತ್ರ, ಡೇಟಾಬೇಸ್ ಎಲ್ಲ ಇಳಿಸಿಕೊಳ್ಳಬೇಕು: ಒಂದು ಪ್ರತಿ ಸಂಘದ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನ ಮೇಷ್ಟರ ಮನೆಯಲ್ಲಿ. ತಿಂಗಳಿಗೊಮ್ಮೆ ಆ ನಕಲನ್ನು ತೆರೆದು ನೋಡಬೇಕು. ಮೊಳೆಯದ ಬೀಜ ಮಡಕೆ ತುಂಬ ಇದ್ದರೇನು ಬಂತು? ಬಾಡಿಗೆ ಕಟ್ಟುವ ದಿನ, ಪಾಸ್‌ವರ್ಡ್ ಮೂವರಿಗೆ ಗೊತ್ತಿರಲಿ, ಅದರಲ್ಲಿ ಹೆಣ್ಣುಮಕ್ಕಳೂ ಇರಲಿ.

ಹನ್ನೊಂದನೇ ದಿನ ಹುಡುಗ ಸಿಕ್ಕ, ಚೀಟಿಯೂ ಸಿಕ್ಕಿತು. ಅಷ್ಟರಲ್ಲಿ ವಾಯಿದೆ ಕಳೆದಿತ್ತು. ಸಾಹೇಬರು ರಜೆಯಲ್ಲಿದ್ದು ಕೇಸು ಮುಂದಕ್ಕೆ ಹೋಗಿದ್ದರಿಂದ ಮುದುಕ ಉಳಿದ. ಸಾಹೇಬರ ರಜೆಯನ್ನು ನಂಬಿಕೊಂಡು ಚಳವಳಿ ಕಟ್ಟಲಾದೀತೆ?