ಗಣಿತ, ವಿಜ್ಞಾನದ ಟೀಚರ್‌ಗಳಿಗೂ ಒಂದು ಬಳಗ ಬೇಕು

ಎಸೆಸೆಲ್ಸಿ ಫಲಿತಾಂಶ ಬಂತೆಂದರೆ ನಮ್ಮಲ್ಲಿ ಪ್ರತಿಭಾ ಪುರಸ್ಕಾರಗಳ ಸುಗ್ಗಿ. ಊರಿನ ಜಮಾಅತ್‌ನಿಂದ ಹಿಡಿದು ಗಲ್ಫ್‌ನ ಸಂಘಟನೆಗಳವರೆಗೆ ಎಲ್ಲರೂ ಮಕ್ಕಳಿಗೆ ಶಾಲು, ಫಲಕ, ನಗದು ಕೊಟ್ಟು ಗೌರವಿಸುತ್ತಾರೆ. ಒಳ್ಳೆಯ ಕೆಲಸ, ಮುಂದುವರಿಯಲಿ. ಆದರೆ ಆ ಮಗುವಿಗೆ ಬೀಜಗಣಿತ ಕಲಿಸಿದ ಟೀಚರ್ ಯಾರು, ಅವರಿಗೆ ಏನು ಬೇಕು ಅಂತ ಕೇಳುವವರು ಎಷ್ಟು ಮಂದಿ?

ನಾನಿರುವ ಮಾರೇನಹಳ್ಳಿ, ವಿಜಯನಗರದ ಸುತ್ತಮುತ್ತ ಕರಾವಳಿಯಿಂದ ಬಂದು ನೆಲೆಸಿದ ನಮ್ಮ ಕುಟುಂಬಗಳಿವೆ. ಬಿ.ಎಸ್ಸಿ, ಬಿ.ಎಡ್. ಓದಿದ ಹೆಣ್ಣುಮಕ್ಕಳು ಹತ್ತಿರದ ಸಣ್ಣ ಖಾಸಗಿ ಶಾಲೆಗಳಲ್ಲಿ ಕಲಿಸುತ್ತಾರೆ. ಬಂಟ್ವಾಳ, ಉಳ್ಳಾಲ, ಉಪ್ಪಿನಂಗಡಿಯಲ್ಲೂ ಇದೇ ಕಥೆ. ಇಂಥ ಶಾಲೆಯಲ್ಲಿ ಗಣಿತಕ್ಕೆ ಒಬ್ಬರೇ, ವಿಜ್ಞಾನಕ್ಕೆ ಒಬ್ಬರೇ. ಕೆಲವು ಕಡೆ ಎರಡಕ್ಕೂ ಸೇರಿ ಒಬ್ಬರೇ. ಪಾಠದಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಕೇಳೋದು ಯಾರನ್ನ? ಗೈಡ್ ಉತ್ತರ ಕೊಡುತ್ತದೆ, ಕಾರಣ ಕೊಡುವುದಿಲ್ಲ. ಯೂಟ್ಯೂಬ್ ಹೇಳುತ್ತಲೇ ಹೋಗುತ್ತದೆ, ನಮ್ಮ ಮಾತು ಕೇಳುವುದಿಲ್ಲ.

ಒಂದು ಸಣ್ಣ ಉದಾಹರಣೆ ನೋಡಿ. ಮೈನಸ್‌ಗೆ ಮೈನಸ್ ಗುಣಿಸಿದರೆ ಪ್ಲಸ್ ಹೇಗಾಗುತ್ತದೆ ಅಂತ ಮಗು ಕೇಳುತ್ತದೆ. ‘ಅದು ನಿಯಮ, ಬಾಯಿಪಾಠ ಮಾಡು’ ಅಂದರೆ ಅಲ್ಲಿಗೆ ಮುಗಿಯಿತು. ಅನುಭವ ಇರುವ ಟೀಚರ್ ಬೋರ್ಡಿನ ಮೇಲೆ ಸಾಲಾಗಿ ಬರೆಯುತ್ತಾರೆ: ಮೈನಸ್ 2ನ್ನು 3ರಿಂದ ಗುಣಿಸಿದರೆ ಮೈನಸ್ 6, 2ರಿಂದ ಗುಣಿಸಿದರೆ ಮೈನಸ್ 4, 1ರಿಂದ ಮೈನಸ್ 2, ಸೊನ್ನೆಯಿಂದ ಸೊನ್ನೆ. ಪ್ರತಿ ಹೆಜ್ಜೆಗೂ ಉತ್ತರ 2 ಹೆಚ್ಚುತ್ತಿದೆ. ಹಾಗಾದರೆ ಮುಂದಿನ ಹೆಜ್ಜೆ, ಮೈನಸ್ 1ರಿಂದ ಗುಣಿಸಿದರೆ? ಪ್ಲಸ್ 2 ಅಂತ ಮಕ್ಕಳೇ ಹೇಳುತ್ತಾರೆ. ಇನ್ನೊಬ್ಬ ಟೀಚರ್ ಇದನ್ನೇ ಅಂಗಡಿ ಲೆಕ್ಕದಲ್ಲಿ ಹೇಳಬಹುದು. ತಲಾ 2 ರೂಪಾಯಿಯ ಮೂರು ಸಾಲ ಮನ್ನಾ ಆದರೆ ನಿನ್ನ ಕೈಗೆ 6 ರೂಪಾಯಿ ಉಳಿಯಿತು ತಾನೆ? ವ್ಯಾಪಾರದ ಮನೆಯಲ್ಲಿ ಬೆಳೆದ ಮಗುವಿಗೆ ಇದು ತಕ್ಷಣ ಹತ್ತುತ್ತದೆ. ಇಂಥ ಉಪಾಯಗಳು ಒಬ್ಬೊಬ್ಬರ ತರಗತಿಯಲ್ಲಿ ಹುಟ್ಟಿ ಅಲ್ಲೇ ಉಳಿದುಬಿಡುತ್ತವೆ. ಪಕ್ಕದ ಶಾಲೆಗೂ ದಾಟುವುದಿಲ್ಲ.

ಇದನ್ನು ದಾಟಿಸಿದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 2011ರ ಸುಮಾರಿಗೆ ರಾಜ್ಯದ ಶಿಕ್ಷಣ ಇಲಾಖೆ ಮತ್ತು ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಸೇರಿ ಸರಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗಾಗಿ ‘ವಿಷಯ ಶಿಕ್ಷಕರ ವೇದಿಕೆ’ ಶುರುಮಾಡಿದರು. ಜಿಲ್ಲೆ ಜಿಲ್ಲೆಯ ಶಿಕ್ಷಕರು ಪರಸ್ಪರ ಪ್ರಶ್ನೆ ಕೇಳಿದರು, ಉತ್ತರ ಕೊಟ್ಟರು. ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ಪಾಠ ಸಾಮಗ್ರಿಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ತಾವೇ ಬರೆದು ಕೂಡಿಸಿದರು. ಅದೇ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ವಿಶ್ವವಿದ್ಯಾಲಯ ಮುನ್ನಡೆಸಿದ ಒಂದು ಅಂತಾರಾಷ್ಟ್ರೀಯ ಅಧ್ಯಯನದಲ್ಲಿ ನಮ್ಮ ಈ ಶಿಕ್ಷಕರ ಕೆಲಸವೂ ಸೇರಿತು. 2017ರಲ್ಲಿ ಅದು ಪುಸ್ತಕವಾಗಿ ಬಂತು. ಅಂದರೆ ಹಳ್ಳಿ ಶಾಲೆಯ ಶಿಕ್ಷಕರು ಒಬ್ಬರಿಗೊಬ್ಬರು ಕಲಿಸಿಕೊಂಡದ್ದು ಹೊರದೇಶದವರಿಗೂ ಪಾಠವಾಯಿತು.

ಜಗತ್ತಿನಲ್ಲಿ ಇದು ಹೊಸದೇನಲ್ಲ. ಗಣಿತ ಬೋಧನೆಗೆಂದೇ ಅಂತಾರಾಷ್ಟ್ರೀಯ ಆಯೋಗ 1908ರಲ್ಲೇ ಹುಟ್ಟಿತು. ನಾನಾ ದೇಶಗಳ ವಿಜ್ಞಾನ ಶಿಕ್ಷಕರ ಸಂಘಗಳ ಒಕ್ಕೂಟ 1973ರಲ್ಲಿ ಬಂತು. ಹೆಸರು ದೊಡ್ಡದು, ಆದರೆ ಬುಡದಲ್ಲಿರುವುದು ಊರೂರಿನ ಸಣ್ಣ ಸಂಘಗಳೇ. ನಮ್ಮ ದೇಶದಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್‌ನಲ್ಲಿ 1972ರಲ್ಲಿ ಆರಂಭವಾಗಿ 30 ವರ್ಷ ನಡೆದ ವಿಜ್ಞಾನ ಬೋಧನಾ ಕಾರ್ಯಕ್ರಮದ ಬೆನ್ನೆಲುಬೇ ಶಿಕ್ಷಕರ ಮಾಸಿಕ ಸಭೆ. ಮಾಡಿದ ಪ್ರಯೋಗ ಕೆಟ್ಟರೆ ಯಾಕೆ ಕೆಟ್ಟಿತು ಅಂತ ಅಲ್ಲಿ ಕೂತು ಮಾತಾಡುತ್ತಿದ್ದರು.

ಈಗ ನಮ್ಮ ವಿಷಯಕ್ಕೆ ಬರೋಣ. ಅಂತಾರಾಷ್ಟ್ರೀಯ ಬಳಗ ಅಂದಾಗ ನಾವು ಹೆದರಬೇಕಿಲ್ಲ. ಮಂಗಳೂರು, ಬೆಂಗಳೂರು, ದುಬೈ, ದಮಾಮ್: ನಮ್ಮ ಒಂದೇ ಮನೆಯವರು ಈ ನಾಲ್ಕೂ ಕಡೆ ಇರುತ್ತಾರೆ. ಗಲ್ಫ್‌ನ ಭಾರತೀಯ ಶಾಲೆಗಳಲ್ಲಿ ಗಣಿತ, ಭೌತಶಾಸ್ತ್ರ ಕಲಿಸುವ ನಮ್ಮವರಿದ್ದಾರೆ. ಅಲ್ಲಿ ಸಿಬಿಎಸ್‌ಇ, ಇಲ್ಲಿ ರಾಜ್ಯ ಪಠ್ಯ ಅಂತ ನೀವು ಕೇಳಬಹುದು. ಓಮನ ನಿಯಮ ಎರಡೂ ಕಡೆ ಒಂದೇ. ಮಕ್ಕಳು ತಪ್ಪುವ ಜಾಗವೂ ಹೆಚ್ಚುಕಡಿಮೆ ಒಂದೇ. ಸಮಯದ ತೊಡಕೂ ಇಲ್ಲ. ನಮ್ಮ ರಾತ್ರಿ ಒಂಬತ್ತು ಗಂಟೆ ಅಂದರೆ ದುಬೈಯಲ್ಲಿ ಏಳೂವರೆ, ದಮಾಮ್‌ನಲ್ಲಿ ಆರೂವರೆ. ಸೌದಿಯಲ್ಲಿ ಶುಕ್ರವಾರ, ಶನಿವಾರ ರಜೆ. ಯುಎಇಯಲ್ಲಿ ಶನಿವಾರ, ಭಾನುವಾರ. ಶನಿವಾರ ರಾತ್ರಿ ಎಲ್ಲರಿಗೂ ಹೊಂದುತ್ತದೆ. ಮನೆ, ಮಕ್ಕಳನ್ನು ಬಿಟ್ಟು ಸಭೆಗೆ ಬಸ್ಸು ಹತ್ತಲಾಗದ ಟೀಚರ್ ಕೂಡ ಫೋನಿನಲ್ಲಿ ಸೇರಬಹುದು.

‘ವಾಟ್ಸ್ಆ್ಯಪ್ ಗ್ರೂಪ್ ಇದೆಯಲ್ಲ’ ಅನ್ನುತ್ತಾರೆ. ಇದೆ. ಬೆಳಿಗ್ಗೆ ಶುಭಾಶಯ, ಮಧ್ಯಾಹ್ನ ಸುತ್ತೋಲೆ, ರಾತ್ರಿ ಯಾರದೋ ಫಾರ್ವರ್ಡ್. ಗ್ರೂಪ್ ಬಳಗ ಆಗಬೇಕಾದರೆ ನಡೆಸುವವರು ಬೇಕು. ಈ ಕೆಲಸದಲ್ಲಿ ಹಾರವೂ ಇಲ್ಲ, ಮೈಕೂ ಇಲ್ಲ. ವಾರಕ್ಕೆ ಒಂದೇ ಪ್ರಶ್ನೆ ಆರಿಸಬೇಕು. ಬಂದ ಉತ್ತರಗಳನ್ನು ಪರೀಕ್ಷಿಸಿ, ಪಾಠವಾರು ಜೋಡಿಸಿ ಇಡಬೇಕು, ಮುಂದಿನ ವರ್ಷ ಸೇರುವ ಹೊಸಬರಿಗೂ ಸಿಗುವಂತೆ. ಉಪಾಯ ಯಾರದೋ ಅವರ ಹೆಸರು ಹಾಕಬೇಕು. ಮಾತಾಡದೆ ಕೂತವರನ್ನು ಹೆಸರು ಹಿಡಿದು ಕೇಳಬೇಕು. ‘ನನಗೆ ಇದು ಗೊತ್ತಿಲ್ಲ’ ಅಂತ ಟೀಚರ್ ಒಬ್ಬರು ಬರೆದರೆ ಯಾರೂ ನಗದಂತೆ ಕಾಯಬೇಕು. ಈ ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಗೊತ್ತಿಲ್ಲ ಅನ್ನಲು ಜಾಗ ಇಲ್ಲದ ಕಡೆ ಟೀಚರ್ ಕಲಿಯುವುದಿಲ್ಲ.

ಆದ್ದರಿಂದ ಇದರ ಮುಂದಾಳು ದಾನಿಯಲ್ಲ, ಆಡಳಿತ ಮಂಡಳಿಯ ಅಧ್ಯಕ್ಷರೂ ಅಲ್ಲ. ಇಂದಿಗೂ ಚಾಕ್ ಹಿಡಿಯುವ ಟೀಚರ್ ಆಗಿರಬೇಕು. ನಮ್ಮಲ್ಲಿ ಕಲಿಸುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಮುಂದಾಳುತನವೂ ಅವರಿಗೆ ಬರಲಿ. ಎರಡು ವರ್ಷಕ್ಕೊಮ್ಮೆ ಬದಲಾಗಲಿ.

ಆಡಳಿತ ಮಂಡಳಿಯವರಿಗೆ ಒಂದು ಅಳುಕು ಇರುತ್ತದೆ: ನಮ್ಮ ಟೀಚರ್ ಸಿದ್ಧಪಡಿಸಿದ್ದು ಪಕ್ಕದ ಶಾಲೆಗೆ ಯಾಕೆ ಹೋಗಬೇಕು? ಅಂಗಡಿ ಸರಕು ಕೊಟ್ಟರೆ ಕಡಿಮೆಯಾಗುತ್ತದೆ, ಪಾಠದ ಉಪಾಯ ಹಾಗಲ್ಲ. ನಿಮ್ಮ ಟೀಚರ್ ಒಂದು ಕೊಟ್ಟು ಇಪ್ಪತ್ತು ತರುತ್ತಾರೆ. ಅವರ ಸಂಬಳದ ವಿಷಯವೂ ಇದೆ. ಸಂಬಳ ಸರಿಯಾಗಿ ಕೊಡದೆ ಬಳಗ ಕಟ್ಟಿ ಎಂದರೆ ಅದು ಇನ್ನೊಂದು ಬಿಟ್ಟಿ ಕೆಲಸವಾದೀತು. ಹಾಗಾಗಿ ಸಂಘಟನೆಗಳಲ್ಲಿ ನನ್ನ ಮನವಿ ಇಷ್ಟೇ. ಈ ವರ್ಷ ಪುರಸ್ಕಾರ ಸಭೆಗೆ ಇಟ್ಟ ಹಣದಲ್ಲಿ ಒಂದು ಪಾಲು ಬಳಗ ನಡೆಸುವ ಟೀಚರ್‌ಗೆ ಗೌರವಧನವಾಗಲಿ. ವರ್ಷಕ್ಕೊಮ್ಮೆ ಎಲ್ಲರೂ ಮುಖಾಮುಖಿ ಸೇರಲು ಬಸ್ ಚಾರ್ಜ್, ಊಟದ ಖರ್ಚು ಸಿಗಲಿ.

ಶುರುಮಾಡಲು ದೊಡ್ಡ ಉದ್ಘಾಟನೆ ಬೇಡ. ಊರಿನಿಂದ ಇಬ್ಬರು, ಬೆಂಗಳೂರಿನಿಂದ ಇಬ್ಬರು, ಗಲ್ಫ್‌ನಿಂದ ಒಬ್ಬರು ಸಾಕು. ನಿಮ್ಮ ಮನೆಯಲ್ಲಿ ಗಣಿತವೋ ವಿಜ್ಞಾನವೋ ಕಲಿಸುವ ಮಗಳು, ಸೊಸೆ, ತಂಗಿ ಇದ್ದರೆ ಈ ಪುಟವನ್ನು ಅವರ ಕೈಗೆ ಕೊಡಿ. ಶನಿವಾರ ರಾತ್ರಿ ಒಂದು ಗಂಟೆ ಅವರಿಗೆ ಬಿಡುವು ಮಾಡಿಕೊಡಿ.