ನಮ್ಮ ಕಣ ಮುಗಿದ ಮೇಲೆ ಅವರ ಕಣ ನೋಡಿ ಬರೋಣ

ಡಿಸೆಂಬರ್ ಬಂದರೆ ಚಿಕ್ಕಮಗಳೂರಿನ ರಸ್ತೆ ತುಂಬಾ ಬೆಂಗಳೂರಿನ ಕಾರುಗಳು. ಕ್ರಿಸ್‌ಮಸ್ ರಜೆ, ಹೊಸ ವರ್ಷ, ಜೊತೆಗೊಂದು ಶನಿವಾರ ಭಾನುವಾರ ಸಿಕ್ಕರೆ ಮುಗೀತು, ಗಿರಿ ರಸ್ತೆಯಲ್ಲಿ ಕಾಲಿಡೋಕೆ ಜಾಗ ಇರಲ್ಲ. ಅದೇ ತಿಂಗಳು ನಮ್ಮ ಬಯಲುಸೀಮೆ ಕಡೆಯಿಂದಲೂ ಜನ ಮಲೆನಾಡಿಗೆ ಹೋಗ್ತಾರೆ. ಕತ್ತಲಿರುವಾಗಲೇ ಎದ್ದು, ಬುತ್ತಿ ಕಟ್ಟಿಕೊಂಡು, ಪಿಕಪ್ ಗಾಡಿ ಹತ್ತಿ, ಕಾಫಿ ಹಣ್ಣು ಕೊಯ್ಯೋಕೆ ಹೋಗ್ತಾರೆ. ಗುಡ್ಡ ಒಂದೇ. ಪೇಟೆಯವರು ನೋಡೋಕೆ ಹೋಗ್ತಾರೆ, ನಾವು ಕೂಲಿಗೆ ಹೋಗ್ತೀವಿ.

ಕೂಲಿಗೆ ಹೋಗೋದರಲ್ಲಿ ಅವಮಾನ ಏನೂ ಇಲ್ಲ. ಆದರೆ ಮೂವತ್ತು ವರ್ಷ ಕಾಫಿ ಕೊಯ್ದ ಹೆಂಗಸು ಕಳಸದ ದೇವಸ್ಥಾನ ನೋಡಿಲ್ಲ, ಭದ್ರಾ ಹೊಳೆಗೆ ಇಳಿದಿಲ್ಲ ಅಂದರೆ ಅದು ಬೇಸರದ ಮಾತು. ಅವರ ಮಕ್ಕಳಿಗೆ ಮಲೆನಾಡು ಅಂದರೆ ಲೈನ್ ಮನೆ ಮತ್ತು ಹಣ್ಣಿನ ಚೀಲ ಅಷ್ಟೇ. ನನ್ನ ಅಭಿಪ್ರಾಯ ಇಷ್ಟು: ರೈತ ಕುಟುಂಬವೂ ಚಳಿಗಾಲದಲ್ಲಿ ಎರಡು ದಿನ, ಗಂಡ ಹೆಂಡತಿ ಮಕ್ಕಳು ಅಜ್ಜಿ ಎಲ್ಲಾ ಸೇರಿ, ನೋಡೋಕೆ ಅಂತಲೇ ಮಲೆನಾಡಿಗೆ ಹೋಗಬೇಕು. ಇದನ್ನು ಶೋಕಿ ಅಂತ ತಿಳಿಯಬಾರದು. ಯಾಕೆ ಅಂತ ಹೇಳ್ತೀನಿ.

ನಮ್ಮ ಕೆರೆಗೆ ನೀರು ಎಲ್ಲಿಂದ?

ಕಡೂರು ಸೀಮೆಯವರಿಗೆ ಅಯ್ಯನಕೆರೆ, ಮದಗದ ಕೆರೆ ಅಂದರೆ ಜೀವ. ಅಯ್ಯನಕೆರೆಗೆ ನೀರು ತರೋದು ವೇದಾ ಹಳ್ಳ, ಮದಗದ ಕೆರೆಗೆ ಅವತಿ ಹಳ್ಳ. ಎರಡೂ ಹುಟ್ಟೋದು ಬಾಬಾಬುಡನ್ ಗಿರಿ ಸಾಲಿನ ಮೂಡಣ ಮಗ್ಗುಲಲ್ಲಿ. ಕಡೂರಿನ ಹತ್ತಿರ ಎರಡೂ ಕೂಡಿ ವೇದಾವತಿ ಆಗಿ ಹೊಸದುರ್ಗದ ಕಡೆ ಹೋಗಿ, ಹಿರಿಯೂರಿನ ವಾಣಿವಿಲಾಸ ಸಾಗರ ಸೇರುತ್ತೆ. 1907ರಲ್ಲಿ ಕಟ್ಟಿ ಮುಗಿದ ಆ ಕಟ್ಟೆ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಂದರೆ 89 ವರ್ಷ ಹಿರಿಯೂರಿನವರು ಕಾದರು.

ಕಡೂರಿನಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆ. ಮೂಡಿಗೆರೆಯಲ್ಲಿ 2000 ದಾಟುತ್ತೆ. ಒಂದೇ ಜಿಲ್ಲೆ, ಬಸ್ಸಿನಲ್ಲಿ ಅರ್ಧ ದಿನದ ದಾರಿ. ಮೇಲೆ ಬಿದ್ದ ಮಳೆಯನ್ನು ಗುಡ್ಡದ ತಲೆ ಮೇಲಿನ ಹುಲ್ಲು, ಕಣಿವೆಯ ಶೋಲಾ ಕಾಡು ಹೀರಿ ಹಿಡಿದು, ನಿಧಾನಕ್ಕೆ ಹಳ್ಳಕ್ಕೆ ಬಿಡುತ್ತವೆ. ಹುಲ್ಲು ಸುಟ್ಟರೆ, ಗುಡ್ಡ ಕೊರೆದರೆ ನೀರು ಒಂದೇ ದಿನ ಮಣ್ಣು ಹೊತ್ತುಕೊಂಡು ಬಂದು ನಮ್ಮ ಕೆರೆಯಲ್ಲಿ ಹೂಳಾಗಿ ಕೂರುತ್ತೆ. ಇದನ್ನು ಪುಸ್ತಕದಲ್ಲಿ ಓದಿಸಿದರೆ ಮಕ್ಕಳಿಗೆ ಹತ್ತಲ್ಲ. ಹಳ್ಳದ ಮೇಲ್ಭಾಗದಲ್ಲಿ ನಿಲ್ಲಿಸಿ, ‘ಇದೇ ನೋಡು ನಮ್ಮ ಕೆರೆ ನೀರು’ ಅಂದರೆ ಸಾಕು, ಸಾಯುವ ತನಕ ಮರೆಯಲ್ಲ.

ಕಳಸದ ಹತ್ತಿರ ಕುದುರೆಮುಖದಲ್ಲಿ ಅದಿರು ತೆಗೆಯುತ್ತಿದ್ದ ಕಾಲಕ್ಕೆ ಭದ್ರಾ ಹೊಳೆಗೆ ಹೂಳು ಇಳಿಯುತ್ತಿತ್ತು. ಸುಪ್ರೀಂ ಕೋರ್ಟಿನ ತೀರ್ಪಿನ ಪ್ರಕಾರ 2005ರ ಕೊನೆಗೆ ಗಣಿ ನಿಂತಿತು. ಅದಕ್ಕಾಗಿ ಹೋರಾಡಿದವರಲ್ಲಿ ಹೊಳೆಯ ಕೆಳಗಿನ ಊರಿನವರೂ ಇದ್ದರು. ಮೇಲಿನ ಗುಡ್ಡ ನಮಗೂ ಸೇರಿದ್ದು ಅಂತ ಗೊತ್ತಿದ್ದರೆ ತಾನೇ ಮಾತಾಡೋಕೆ ಬಾಯಿ ಬರೋದು?

ಯಾವಾಗ ಹೋಗಬೇಕು?

ಕ್ರಿಸ್‌ಮಸ್ಸಿನಿಂದ ಹೊಸ ವರ್ಷದ ತನಕ ಬೇಡ. ರೂಮಿನ ಬಾಡಿಗೆ ಆಗ ನಮ್ಮಂಥವರ ಕೈಗೆ ಎಟುಕಲ್ಲ. ಡಿಸೆಂಬರಿನ ದತ್ತ ಜಯಂತಿ ದಿನಗಳಲ್ಲಿ ಗಿರಿ ರಸ್ತೆಗೆ ಪ್ರವಾಸಿಗರನ್ನು ಬಿಡೋದೂ ಇಲ್ಲ. ನಮಗೂ ಆಗ ರಾಗಿ ಕೊಯ್ಲು, ಮೆದೆ, ಕಣ ಅಂತ ಕೆಲಸ ಇರುತ್ತೆ.

ಸಂಕ್ರಾಂತಿ ಕಳೆದ ಮೇಲೆ ಶಿವರಾತ್ರಿ ಒಳಗೆ ಹೋಗಬೇಕು. ರಾಗಿ ಮನೆ ಸೇರಿರುತ್ತೆ, ಹುಲ್ಲು ಬಣವೆ ಆಗಿರುತ್ತೆ. ಮಲೆನಾಡಿನಲ್ಲಿ ಆಗ ಅರೇಬಿಕಾ ಕೊಯ್ಲು ಮುಗಿಯುತ್ತಾ ಬಂದು ರೋಬಸ್ಟಾ ನಡೀತಿರುತ್ತೆ, ಮೆಣಸೂ ಹಣ್ಣಾಗುತ್ತೆ. ಅವರೂ ಕಾಫಿ ಒಣಗಿಸುವ ಜಾಗಕ್ಕೆ ಕಣ ಅಂತಲೇ ಅನ್ನೋದು. ನಮ್ಮ ಕಣ ಖಾಲಿಯಾದಾಗ ಅವರ ಕಣ ತುಂಬಿರುತ್ತೆ. ಮಳೆ ಇಲ್ಲ, ಜಿಗಣೆ ಕಾಟ ಇಲ್ಲ, ರಸ್ತೆ ಒಣಗಿರುತ್ತೆ. ಬೆಳಗ್ಗೆ ಚಳಿ ಜಾಸ್ತಿ, ಮಕ್ಕಳಿಗೂ ಮುದುಕರಿಗೂ ಒಂದು ಕಂಬಳಿ, ಸ್ವೆಟರ್ ಇಟ್ಟುಕೊಳ್ಳಿ.

ಸರ್ಕಾರಿ ಶಾಲೆ ಮಕ್ಕಳಿಗೆ ಚಳಿಗಾಲದಲ್ಲಿ ಉದ್ದ ರಜೆ ಇಲ್ಲ. ಒಂದು ಶನಿವಾರ ಮೇಷ್ಟ್ರಿಗೆ ಹೇಳಿ ರಜೆ ಹಾಕಿಸಿದರೆ ಭಾನುವಾರ ಸೇರಿ ಎರಡು ದಿನ ಆಯ್ತು. ಇಂಥ ಕೆಲಸಕ್ಕೆ ಯಾವ ಮೇಷ್ಟ್ರೂ ಬೇಡ ಅನ್ನಲಾರರು.

ಏನೇನು ನೋಡಬಹುದು?

2013ರಿಂದ ಕಡೂರು–ಚಿಕ್ಕಮಗಳೂರು ರೈಲು ದಾರಿ ಇದೆ, ಬಸ್ಸಂತೂ ಇದ್ದೇ ಇದೆ. ಚಿಕ್ಕಮಗಳೂರಿನಲ್ಲಿ ಕಾಫಿ ಬೋರ್ಡಿನವರ ಕಾಫಿ ವಸ್ತುಸಂಗ್ರಹಾಲಯ ಉಂಟು. ಬಾಬಾಬುಡನ್ ಏಳು ಕಾಫಿ ಬೀಜ ತಂದರು ಅನ್ನೋ ಕಥೆಯಿಂದ ಹಿಡಿದು ಬೀಜ ಹುರಿಯೋ ತನಕ ಮಕ್ಕಳಿಗೆ ಅಲ್ಲಿ ತಿಳಿಯುತ್ತೆ. ರಜೆ ದಿನ ತೆರೆದಿರುತ್ತಾ ಅಂತ ಮೊದಲೇ ಕೇಳಿಕೊಳ್ಳಿ.

ಅಲ್ಲಿಂದ ಮೂಡಿಗೆರೆ. ಅಲ್ಲಿನ ತೋಟಗಾರಿಕೆ ಕಾಲೇಜು, ಸಂಶೋಧನಾ ಕೇಂದ್ರದಲ್ಲಿ ಏಲಕ್ಕಿ, ಮೆಣಸಿನ ಕೆಲಸ ನಡೆಯುತ್ತೆ. ಮುಂದೆ ಕೊಟ್ಟಿಗೆಹಾರದಲ್ಲಿ ಪೂರ್ಣಚಂದ್ರ ತೇಜಸ್ವಿ ಹೆಸರಿನ ಪ್ರತಿಷ್ಠಾನ ಇದೆ. ಅವರು ಮೂಡಿಗೆರೆಯಲ್ಲೇ ತೋಟ ಮಾಡಿಕೊಂಡು, ಹಕ್ಕಿ ಹುಳ ಮೀನಿನ ಬಗ್ಗೆ ನಮಗೂ ಅರ್ಥ ಆಗೋ ಹಾಗೆ ಬರೆದು 2007ರಲ್ಲಿ ತೀರಿಕೊಂಡವರು. ಹೇಮಾವತಿ ಹುಟ್ಟುವ ಜಾವಳಿ ಇದೇ ತಾಲ್ಲೂಕಿನದು.

ರಾತ್ರಿಗೆ ಕಳಸ ದಾಟಿ ಹೊರನಾಡಿಗೆ ಹೋದರೆ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಬಂದವರಿಗೆಲ್ಲಾ ಊಟ ಇದೆ, ತಂಗೋಕೆ ವ್ಯವಸ್ಥೆಯೂ ಇದೆ. ಬೆಳಗ್ಗೆ ಕಳಸೇಶ್ವರನ ದರ್ಶನ, ಭದ್ರಾ ಹೊಳೆ, ಆಮೇಲೆ ಒಂದು ಕಾಫಿ ಕಣ. ವಾಪಸು ಬರುವಾಗ ಬಾಳೆಹೊನ್ನೂರಿನ ಮೇಲೆ ಬನ್ನಿ. ಅಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಇದೆ.

ಮುಳ್ಳಯ್ಯನಗಿರಿಗೆ ಹೋಗಲೇಬೇಕು ಅನ್ನೋರು ವಿಚಾರಿಸಿಕೊಂಡು ಹೋಗಿ. ವಾಹನ ವಿಪರೀತ ಆಗಿ 2025ರಲ್ಲಿ ಜಿಲ್ಲಾಡಳಿತ ಮುಂಗಡ ನೋಂದಣಿ ಪದ್ಧತಿ ತಂದಿತು.

ತೋಟದಲ್ಲಿ ಮಕ್ಕಳಿಗೆ ತೋರಿಸೋಕೆ ಬೇಕಾದಷ್ಟಿದೆ. ಮೇಲೆ ನೆರಳು ಮರ, ಮರಕ್ಕೆ ಮೆಣಸಿನ ಬಳ್ಳಿ, ಕೆಳಗೆ ಕಾಫಿ, ನೆಲಕ್ಕೆ ತರಗೆಲೆ ಹೊದಿಕೆ. ಇದು ನಮ್ಮ ಅಕ್ಕಡಿ ಸಾಲಿನ ಅಣ್ಣ ಅನ್ನಬಹುದು. ನಾವು ರಾಗಿ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಹಾಕೋದು ಒಂದು ಕೈ ಕೊಟ್ಟರೆ ಇನ್ನೊಂದು ಹಿಡಿಯಲಿ ಅಂತ. ಅವರೂ ಅದಕ್ಕೇ ಮಾಡೋದು. ನಮ್ಮಲ್ಲಿ ಅಕ್ಕಡಿ ಬಿಟ್ಟು ಬರೀ ಒಂದೇ ಬೆಳೆಗೆ ಬಿದ್ದವರು ಅಲ್ಲಿ ನಿಂತು ಸ್ವಲ್ಪ ಯೋಚಿಸಲಿ.

ಎರಡು ಎಚ್ಚರಿಕೆ. ಮಂಗನ ಕಾಯಿಲೆ ಕಾಣಿಸೋದು ಹೆಚ್ಚಾಗಿ ಡಿಸೆಂಬರಿನಿಂದ ಮೇ ಒಳಗೆ. ಅದು ಉಣುಗು ಕಚ್ಚಿ ಬರೋದು. ಮಕ್ಕಳನ್ನು ಕಾಡಿನ ತರಗೆಲೆ ಮೇಲೆ ಕೂರಿಸಬೇಡಿ, ಮೈ ತುಂಬಾ ಬಟ್ಟೆ ಹಾಕಿ, ಮಂಗ ಸತ್ತಿದ್ದರೆ ಹತ್ತಿರ ಹೋಗಬೇಡಿ. ಮೂಡಿಗೆರೆ ಕಡೆ ಆನೆ ಕಾಟ ಇದೆ. ಬೆಳಗಿನ ಜಾವ, ಸಂಜೆ ಕತ್ತಲಲ್ಲಿ ತೋಟದ ದಾರಿಯಲ್ಲಿ ಓಡಾಡಬೇಡಿ.

ದುಡ್ಡು ಮತ್ತು ದನ

‘ದುಡ್ಡೆಲ್ಲಿ? ದನ ಯಾರು ನೋಡ್ತಾರೆ?’ ಈ ಎರಡು ಪ್ರಶ್ನೆ ಬಂದೇ ಬರುತ್ತೆ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ರಾಜ್ಯದ ಒಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡಿಲ್ಲ. ಅಜ್ಜಿ, ಹೆಂಡತಿ, ಮಗಳು, ಮೂರು ಜನದ ಖರ್ಚು ಅಲ್ಲಿಗೇ ಕಳೀತು. ಗುರುತಿನ ಚೀಟಿ ಮರೀಬೇಡಿ. ಆದರೆ ಮೂಡಿಗೆರೆ, ಕಳಸ, ಕೊಪ್ಪದ ಕಡೆ ಖಾಸಗಿ ಬಸ್ಸುಗಳೂ ಓಡ್ತವೆ, ಅವಕ್ಕೆ ಎಲ್ಲರೂ ದುಡ್ಡು ಕೊಡಲೇಬೇಕು. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆ 2020ರಲ್ಲಿ ನಿಂತು ಹೋಯಿತು. ಆ ಕಡೆ ಹಳ್ಳಿಗಳಿಗೆ ಸರ್ಕಾರಿ ಬಸ್ ಜಾಸ್ತಿ ಬೇಕು ಅಂತ ಕೇಳೋದು ಮಲೆನಾಡಿನವರ ಕೆಲಸ ಮಾತ್ರ ಅಲ್ಲ, ನಮ್ಮದೂ ಹೌದು.

ದನಕ್ಕೆ ಮುಯ್ಯಿ ಇದೆಯಲ್ಲ! ನಾಟಿಗೆ, ಕಣಕ್ಕೆ ಮುಯ್ಯಾಳು ಹೋದವರೇ ನಾವು. ಈ ವಾರ ನಾವು ಹೋದಾಗ ನಮ್ಮ ದನಕ್ಕೆ ನೀವು ಹುಲ್ಲು ಹಾಕಿ, ಹಾಲು ಕರೆದು ಡೈರಿಗೆ ಹಾಕಿ. ಮುಂದಿನ ವಾರ ನೀವು ಹೋಗಿ, ನಾವು ನೋಡಿಕೊಳ್ತೀವಿ. ಮದುವೆ, ತಿಥಿಗೆ ಎರಡು ದಿನ ಮನೆ ಬಿಡೋಕೆ ಆಗುತ್ತೆ ಅಂದರೆ ಇದಕ್ಕೂ ಆಗುತ್ತೆ.

ಹೊರದೇಶದಲ್ಲಿ

ಜಪಾನಿನ ಸಪ್ಪೊರೊ ಊರಿನಲ್ಲಿ ಚಳಿಗಾಲದಲ್ಲಿ ಬರೀ ಹಿಮ. 1950ರಲ್ಲಿ ಅಲ್ಲಿನ ಶಾಲಾ ವಿದ್ಯಾರ್ಥಿಗಳು ಉದ್ಯಾನದಲ್ಲಿ ಹಿಮದ ಆರು ಗೊಂಬೆ ಮಾಡಿ ನಿಲ್ಲಿಸಿದರು. ಅದೇ ಬೆಳೆದು ಇವತ್ತು ಲೋಕದ ಜನ ನೋಡೋಕೆ ಹೋಗುವ ಹಬ್ಬ ಆಗಿದೆ. ಜರ್ಮನಿಯ ಡ್ರೆಸ್ಡೆನ್ ಊರಿನ ಕ್ರಿಸ್‌ಮಸ್ ಸಂತೆಗೆ 1434ರಿಂದ ಇತಿಹಾಸ ಇದೆ. ಎರಡನ್ನೂ ಮೊದಲು ಶುರು ಮಾಡಿದ್ದು ಆ ಊರಿನವರು, ತಮ್ಮ ಊರಿಗಾಗಿ. ಹೊರಗಿನವರು ಆಮೇಲೆ ಬಂದರು. ನಮ್ಮ ಬಸವನಗುಡಿ ಕಡಲೆಕಾಯಿ ಪರಿಷೆಯೂ ಹಾಗೇ. ಬೆಳೆದವನು ಬುಟ್ಟಿ ತಂದ, ಪೇಟೆ ಬಂದು ಕೊಂಡಿತು.

ಇಟಲಿ ದೇಶದ್ದು ಇನ್ನೂ ಒಳ್ಳೆ ಪಾಠ. ಅಲ್ಲಿ 1985ರಲ್ಲಿ ಒಂದು ಕಾನೂನು ಮಾಡಿದರು. ರೈತ ತನ್ನ ಮನೆಯಲ್ಲಿ ಪ್ರವಾಸಿಗರನ್ನು ಇಟ್ಟುಕೊಂಡು ಊಟ ಹಾಕಿ ದುಡ್ಡು ಮಾಡಬಹುದು. ಆದರೆ ಬೇಸಾಯವೇ ಮುಖ್ಯ, ಅತಿಥಿ ವ್ಯವಹಾರ ಅದರ ಜೊತೆಗೆ ಇರಬೇಕು.

ಮಲೆನಾಡಿನ ಬೆಳೆಗಾರರಿಗೆ

ನಮ್ಮ ಗುಡ್ಡಗಳಿಗೆ ಬೇಕಾದ್ದೂ ಇದೇ. ಕಾಫಿ ಬೆಳೆಗಾರರು ಅಂದರೆ ದೊಡ್ಡ ಎಸ್ಟೇಟಿನ ಸಾಹುಕಾರರು ಅಂತ ಬಯಲಿನವರು ತಿಳಿದಿದ್ದಾರೆ. ನಿಜ ಹೇಳಬೇಕು ಅಂದರೆ ಬೆಳೆಗಾರರಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಕಡಿಮೆ ಇರುವವರು. ಎರಡು ಮೂರು ಎಕರೆಯವರು ಎಷ್ಟೋ ಜನ. ಕಾಫಿ ರೇಟು ಬಿದ್ದ ವರ್ಷ ಹೋಂಸ್ಟೇ ಅಂಥವರ ಕೈ ಹಿಡಿದಿದೆ, ಅದನ್ನು ಬೇಡ ಅನ್ನಲಾರೆ. ಆದರೆ ಹೊರಗಿನವರು ಬಂದು ತೋಟ ಕಿತ್ತು, ಗುಡ್ಡದ ಸೊಂಟ ಕೊರೆದು ಈಜುಕೊಳ ಕಟ್ಟಿ, ರಾತ್ರಿ ಎಲ್ಲಾ ಮೈಕು ಹಾಕೋದು ಯಾವ ಬೇಸಾಯ? 2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಕುಸಿದು ಮನೆ, ತೋಟ ಹೋದದ್ದನ್ನು ನೋಡಿದ್ದೇವೆ. ಮಳೆ ಜಾಸ್ತಿ ಆದಾಗ ಗಟ್ಟಿ ಗುಡ್ಡವೇ ನಿಲ್ಲಲ್ಲ, ಕೊರೆದ ಗುಡ್ಡ ನಿಲ್ಲುತ್ತಾ? ಬೇಸಾಯ ನಡೆಯುವ ತೋಟಕ್ಕೆ ಮಾತ್ರ ಹೋಂಸ್ಟೇ ಪರವಾನಗಿ ಅಂತ ಇಲ್ಲೂ ನಿಯಮ ಬರಲಿ.

ಸಣ್ಣ ಬೆಳೆಗಾರರಲ್ಲಿ ಒಂದು ವಿನಂತಿ. ಜನವರಿ, ಫೆಬ್ರವರಿಯಲ್ಲಿ ವಾರಕ್ಕೊಂದು ದಿನ ರೈತ ಕುಟುಂಬಗಳಿಗೆ ನಿಮ್ಮ ಕಣ ತೆರೆದಿಡಿ. ಪಲ್ಪರ್ ತೋರಿಸಿ, ಒಂದು ಲೋಟ ಕಾಫಿ ಕೊಡಿ, ಸಾಕು. ಮುಯ್ಯಿಗೆ ಮುಯ್ಯಿ, ಮುಂದಿನ ನವೆಂಬರ್, ಡಿಸೆಂಬರಿನಲ್ಲಿ ನೀವು ಮಕ್ಕಳನ್ನು ಕರೆದುಕೊಂಡು ನಮ್ಮ ಕಡೆ ಬನ್ನಿ. ರಾಗಿ ಹೊಲ, ಸೊಗಡು ಅವರೆಕಾಯಿ ಸಾರು, ಬಿಸಿ ಮುದ್ದೆ, ಅಯ್ಯನಕೆರೆ ಏರಿ, ಅಜ್ಜಂಪುರದ ಅಮೃತಮಹಲ್ ದನಗಳು, ಎಲ್ಲಾ ತೋರಿಸ್ತೀವಿ. ನಿಮ್ಮ ಗುಡ್ಡದ ನೀರು ಎಲ್ಲಿ ತನಕ ಬಂದು ಎಷ್ಟು ಜನಕ್ಕೆ ಅನ್ನ ಹಾಕುತ್ತೆ ಅಂತ ನಿಮ್ಮ ಮಕ್ಕಳೂ ನೋಡಲಿ.

ಇದಕ್ಕೆ ಸರ್ಕಾರ ಬೇಕಿಲ್ಲ. ಎರಡು ಊರಿನ ಹಾಲಿನ ಡೈರಿ, ಹೆಣ್ಣುಮಕ್ಕಳ ಸಂಘ ಮನಸ್ಸು ಮಾಡಿದರೆ ಆಯ್ತು. ಹತ್ತು ಮನೆ ಇಲ್ಲಿಂದ, ಹತ್ತು ಮನೆ ಅಲ್ಲಿಂದ ಸಾಕು. ಕಣ ತೋರಿಸಲು ಒಪ್ಪುವ ಬೆಳೆಗಾರ ಬಂಧುಗಳು ಈ ಪತ್ರಿಕೆಗೆ ಒಂದು ಕಾಗದ ಬರೆಯಿರಿ. ಈ ಸಲ ಸಂಕ್ರಾಂತಿ ಕಳೆದ ಮೇಲೆ ಮೊದಲ ಬಸ್ ಹತ್ತೋಕೆ ನಮ್ಮ ಊರಿನವರು ತಯಾರಿದ್ದಾರೆ.